ಎರಡು ಬಾಟಲಿ, ಎರಡು ಸಮುದ್ರ: ಕೆರೆಯ ರಾಡಿಯಲ್ಲಿ ಆದಿಕಾಲದ ಕಡಲನ್ನು ನೋಡುವ ಬಗೆ

ಒಂದೇ ಕೆರೆಯ ರಾಡಿಯನ್ನು ಎರಡು ಬಾಟಲಿಗೆ ತುಂಬಿ. ಒಂದಕ್ಕೆ ಕಬ್ಬಿಣದ ತುಕ್ಕು, ಇನ್ನೊಂದಕ್ಕೆ ಒಂದು ದೊಡ್ಡ ಚಮಚ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್, ಗಂಧಕವಿರುವ ಖನಿಜ) ಬೆರೆಸಿ ಕಿಟಕಿಯಲ್ಲಿಡಿ. ಎರಡು ತಿಂಗಳಲ್ಲಿ ಇವೆರಡೂ ಒಂದೇ ಕೆರೆಯವು ಎಂದರೆ ಯಾರೂ ನಂಬಲಾರರು. ಮೊದಲನೆಯದರ ತಳದಿಂದ ತೆಗೆದ ತಿಳಿನೀರು ಗಾಳಿ ತಾಗುತ್ತಲೇ ನಿಧಾನವಾಗಿ ಕಾವಿ ಬಣ್ಣಕ್ಕೆ ತಿರುಗುತ್ತದೆ. ಎರಡನೆಯದು ಕಾಡಿಗೆಯಂತೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹಿಡಿದು, ಬಾಟಲಿಯ ಗೋಡೆಯ ಮೇಲೆ ನೇರಳೆ ಮಚ್ಚೆ ಮೂಡಿಸುತ್ತದೆ. ಆದಿಕಾಲದ ಕಡಲು ಸಾಗಿ ಬಂದ ಎರಡು ಸ್ಥಿತಿಗಳು ಇವೇ: ಕಬ್ಬಿಣ ಕರಗಿದ ಕಡಲು, ಗಂಧಕದ ವಿಷ ತುಂಬಿದ ಕಡಲು. ಎರಡರ ಹಿಂದೆಯೂ ಕಣ್ಣಿಗೆ ಕಾಣದ ಜೀವಿಗಳ ಊಟ-ಉಸಿರಾಟ ಇದೆ.

ಕೆಸರನ್ನು ಗಾಜಿನ ಕೊಳವೆಯಲ್ಲಿ ತುಂಬಿ ಬೆಳಕಿಗಿಟ್ಟು ನೋಡುವ ಈ ವಿಧಾನವನ್ನು 1880ರ ದಶಕದಲ್ಲಿ ರೂಪಿಸಿದವರು ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಇಲ್ಲಿ ಹೇಳುವ ಅಳತೆಗಳು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮಣ್ಣು, ನೀರು, ಬಿಸಿಲಿಗೆ ತಕ್ಕಂತೆ ಇವೆ. ಹೈಸ್ಕೂಲಿನ ಪ್ರಯೋಗಾಲಯಕ್ಕೂ ಮನೆಯ ಕಿಟಕಿಗೂ ಒಗ್ಗುತ್ತವೆ.

ಮೊದಲು, ಕಡಲಿನಲ್ಲಿ ಏನಾಯಿತು

ಭೂಮಿಗೆ 454 ಕೋಟಿ ವರ್ಷ. ಅದರಲ್ಲಿ ಹತ್ತಿರ ಹತ್ತಿರ ಮೊದಲ ಅರ್ಧ ಆಯುಷ್ಯದಲ್ಲಿ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ತುಕ್ಕಾಗುವುದಿಲ್ಲ. ಫೆರಸ್ ರೂಪದಲ್ಲಿ ಕರಗಿ ನಿಲ್ಲುತ್ತದೆ. ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಕಬ್ಬಿಣ ಸುರಿಯುತ್ತಲೇ ಇದ್ದವು, ಅದು ಕಡಲಿನ ತುಂಬ ಹರಡಿತ್ತು. ಇಂದಿನ ಸಮುದ್ರದಲ್ಲಿ ಕರಗಿರುವ ಕಬ್ಬಿಣಕ್ಕಿಂತ ಆಗಿನದು ಸಾವಿರಾರು ಪಟ್ಟು ಹೆಚ್ಚು. ಸಲ್ಫೇಟ್‌ನ ಲೆಕ್ಕ ಇದಕ್ಕೆ ಉಲ್ಟಾ. ಈಗಿನ ಸಮುದ್ರದ ಪ್ರತಿ ಲೀಟರಿನಲ್ಲಿ ಸಲ್ಫೇಟ್ ಸುಮಾರು 2.7 ಗ್ರಾಂ, ಆಗ 0.02 ಗ್ರಾಂಗಿಂತಲೂ ಕಡಿಮೆ. ನೆಲದ ಮೇಲಿನ ಕಲ್ಲುಗಳಲ್ಲಿರುವ ಗಂಧಕ ಆಮ್ಲಜನಕ ಸೇರಿದಾಗಲೇ ಸಲ್ಫೇಟ್ ಆಗಿ ಹೊಳೆಗಳಲ್ಲಿ ಹರಿದು ಬರುತ್ತದೆ. ಆಮ್ಲಜನಕವೇ ಇಲ್ಲದಾಗ ಸಲ್ಫೇಟ್ ಎಲ್ಲಿಂದ ಬರಬೇಕು?

ಆ ಕಬ್ಬಿಣವನ್ನು ಕೆಳಗಿಳಿಸಿದ್ದು ಸೂಕ್ಷ್ಮಜೀವಿಗಳು, ಅದೂ ಎರಡು ದಾರಿಯಲ್ಲಿ. ಸಯನೋಬ್ಯಾಕ್ಟೀರಿಯಾಗಳು ಬಿಸಿಲಿನ ಬಲದಿಂದ ನೀರನ್ನು ಒಡೆದು ಆಮ್ಲಜನಕ ಹೊರಬಿಟ್ಟವು, ಅದು ಕಬ್ಬಿಣಕ್ಕೆ ತಗುಲಿ ತುಕ್ಕಾಗಿ ತಳ ಸೇರಿತು. ಎರಡನೆಯ ದಾರಿ ಇನ್ನೂ ವಿಚಿತ್ರ. ಕೆಲವು ನೇರಳೆ ಬ್ಯಾಕ್ಟೀರಿಯಾಗಳು ನೀರಿನ ಗೊಡವೆಗೇ ಹೋಗದೆ ಬಿಸಿಲಿನಲ್ಲಿ ಫೆರಸ್ ಕಬ್ಬಿಣದಿಂದಲೇ ಇಲೆಕ್ಟ್ರಾನ್ ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್‌ನಿಂದ ತಮ್ಮ ಊಟ ಮಾಡಿಕೊಳ್ಳುತ್ತವೆ. ಅಲ್ಲಿ ಉಳಿಯುವ ಹೊಲಸು ಎಂದರೆ ಆಮ್ಲಜನಕದ ಗುಳ್ಳೆಯಲ್ಲ, ತುಕ್ಕು. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ಫ್ರೀಡ್ರಿಕ್ ವಿಡ್ಡೆಲ್ ಮತ್ತು ಸಂಗಡಿಗರು ಇಂಥ ಬ್ಯಾಕ್ಟೀರಿಯಾಗಳನ್ನು 1993ರಲ್ಲಿ ತೋರಿಸಿಕೊಟ್ಟರು.

ಇದು ನಮ್ಮ ಸೀಮೆಗೆ ಯಾಕೆ ಮುಖ್ಯ ಅಂದರೆ, ಗದಗಿನ ಕಪ್ಪತಗುಡ್ಡದಲ್ಲಿ ಹೀಗೆ ತಳ ಸೇರಿದ ತುಕ್ಕಿನಿಂದಾದ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲುಗಳಿವೆ. ಚಿತ್ರದುರ್ಗದ ಶಿಲಾಪಟ್ಟಿಯ ಉತ್ತರದ ತುದಿ ಗದಗ. ಆ ಪಟ್ಟಿಯ ವಯಸ್ಸು ಸುಮಾರು 260ರಿಂದ 270 ಕೋಟಿ ವರ್ಷ. ಗಾಳಿಯಲ್ಲಿ ಆಮ್ಲಜನಕ ನೆಲೆಯಾದದ್ದು ಮಾತ್ರ ಸುಮಾರು 240ರಿಂದ 230 ಕೋಟಿ ವರ್ಷದ ಹಿಂದೆ. ಅಂದರೆ ಕಪ್ಪತಗುಡ್ಡದ ತುಕ್ಕು ಕೂತದ್ದು ಆಕಾಶದಲ್ಲಿ ಆಮ್ಲಜನಕ ಇನ್ನೂ ಇರದ ಕಾಲದಲ್ಲಿ. ನೀರಿನಲ್ಲಿ ಅಲ್ಲಲ್ಲಿ ಸಯನೋಬ್ಯಾಕ್ಟೀರಿಯಾ ಬಿಟ್ಟ ಆಮ್ಲಜನಕವೋ, ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾಗಳೋ, ಎರಡೂ ಕೂಡಿಯೋ ಅದನ್ನು ಮಾಡಿರಬೇಕು. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಈ ಪ್ರಾಚೀನ ಭೂಖಂಡದ ತುಣುಕನ್ನು ಧಾರವಾಡ ಕ್ರೇಟಾನ್ ಎಂದೇ ಕರೆಯುತ್ತಾರೆ.

ಆಮ್ಲಜನಕ ಬಂದ ಮೇಲೆ ಹೊಳೆಗಳು ಸಲ್ಫೇಟ್ ತರತೊಡಗಿದವು. ಆಮ್ಲಜನಕದ ಬದಲು ಸಲ್ಫೇಟನ್ನೇ ಉಸಿರಾಡುವ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆಯ ವಾಸನೆಯ, ಗಂಧಕದ ಅನಿಲ) ಕಬ್ಬಿಣವನ್ನು ಹಿಡಿದು ಕಪ್ಪು ಕೆಸರಾಗಿಸುತ್ತದೆ. ಸುಮಾರು 180 ಕೋಟಿ ವರ್ಷದ ಹಿಂದೆ ದೊಡ್ಡ ಪಟ್ಟೆ ಕಬ್ಬಿಣದ ನಿಕ್ಷೇಪಗಳು ನಿಂತುಹೋಗಲು ಆಳ ಸಮುದ್ರ ಸಲ್ಫೈಡ್‌ಮಯವಾದದ್ದೇ ಕಾರಣ ಎಂದು 1998ರಲ್ಲಿ ಭೂರಸಾಯನ ವಿಜ್ಞಾನಿ ಡೊನಾಲ್ಡ್ ಕ್ಯಾನ್‌ಫೀಲ್ಡ್ ವಾದಿಸಿದರು. ಈಗಿನ ತಿಳಿವಳಿಕೆ ಸ್ವಲ್ಪ ಸರಿದಿದೆ: ಸಲ್ಫೈಡ್ ಮುಖ್ಯವಾಗಿ ಖಂಡಗಳ ಅಂಚಿನ ನಡುಆಳದಲ್ಲಿ ಇತ್ತು, ಅದರ ಕೆಳಗೆ ಕಬ್ಬಿಣದ ನೀರೇ ಬಹುಕಾಲ ಉಳಿದಿತ್ತು. ಉತ್ತರ ಆಸ್ಟ್ರೇಲಿಯಾದ 164 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ನೇರಳೆ ಗಂಧಕ ಬ್ಯಾಕ್ಟೀರಿಯಾಗಳ ಬಣ್ಣದ ಅಣುಗಳ ಅವಶೇಷ ಸಿಕ್ಕಿದೆ. ನಿಮ್ಮ ಎರಡನೆಯ ಬಾಟಲಿಯ ಗೋಡೆಗೆ ಅಂಟುವ ನೇರಳೆ ಅದೇ ಕುಲದ್ದು.

ಸಾಮಾನು

2 ಲೀಟರಿನ ತಂಪು ಪಾನೀಯದ ಬಾಟಲಿ ಎರಡು ಸಾಕು, ನಾಲ್ಕಿದ್ದರೆ ಒಳ್ಳೆಯದು. ಬಣ್ಣವಿಲ್ಲದ ಬಾಟಲಿಯೇ ಬೇಕು. ಹಸಿರು ಬಾಟಲಿ ಬೇಕಾದ ಬೆಳಕನ್ನೇ ನುಂಗುತ್ತದೆ. ಲೇಬಲ್ ಪೂರ್ತಿ ಕಿತ್ತು, ಕತ್ತು ಕಿರಿದಾಗುವಲ್ಲಿ, ತಳದಿಂದ 22 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ. ಕತ್ತರಿಸಿದ ಮೇಲ್ಭಾಗವನ್ನು ಬೋರಲು ಹಿಡಿದರೆ ರಾಡಿ ಸುರಿಯುವ ಆಲಿಕೆಯಾಗುತ್ತದೆ.

ಪ್ರತಿ ಬಾಟಲಿಗೂ ಸಮವಾಗಿ ಹೋಗಬೇಕಾದವು: ದಿನಪತ್ರಿಕೆಯ ಅರ್ಧ ಹಾಳೆ, ಸುಮಾರು 8 ಗ್ರಾಂ, ಉಗುರಿನಷ್ಟು ಚೂರು ಮಾಡಿ ನೀರಿನಲ್ಲಿ ನೆನೆಸಿದ್ದು, ಜೋಳದ ಹಿಟ್ಟು ಒಂದು ಸಣ್ಣ ಚಮಚ, 5 ಗ್ರಾಂ, ಎರಡು ಮೊಟ್ಟೆಯ ಸಿಪ್ಪೆ ತೊಳೆದು ಒಣಗಿಸಿ ಕುಟ್ಟಿದ ಪುಡಿ, ಸುಮಾರು 10 ಗ್ರಾಂ. ಹಿಟ್ಟು ಮೊದಲ ವಾರದ ಊಟ, ಕಾಗದ ಮುಂದಿನ ತಿಂಗಳುಗಳ ಬುತ್ತಿ. ಹಿಟ್ಟು ಹುಳಿಯಾಗುವಾಗ ಆ ಹುಳಿಯನ್ನು ಮುರಿಯುವುದು ಸಿಪ್ಪೆಯ ಕ್ಯಾಲ್ಸಿಯಂ ಕಾರ್ಬೊನೇಟ್.

ಮೊಟ್ಟೆ ಮುಟ್ಟದ ಮನೆಯವರು ಸುಣ್ಣದ ಕಲ್ಲಿನ ಪುಡಿ ಹಾಕಬಹುದು. ಆದರೆ ಎಲೆ-ಅಡಿಕೆಯ ಸುಣ್ಣವನ್ನಾಗಲಿ, ಗೋಡೆಗೆ ಬಳಿಯುವ ಸುಣ್ಣವನ್ನಾಗಲಿ ಹಾಕಬೇಡಿ. ಅದರ ಕ್ಷಾರಕ್ಕೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಕರಿಹಲಗೆಯ ಸೀಮೆಸುಣ್ಣವನ್ನೂ ಪರೀಕ್ಷೆ ಮಾಡದೆ ನಂಬಬೇಡಿ. ಹಲವು ಸೀಮೆಸುಣ್ಣಗಳು ಕಾರ್ಬೊನೇಟ್ ಅಲ್ಲವೇ ಅಲ್ಲ, ಜಿಪ್ಸಮ್. ಒಂದು ತುಂಡಿನ ಮೇಲೆ ವಿನೆಗರ್ ಹನಿಸಿ ನೋಡಿ: ನೊರೆ ಎದ್ದರೆ ಕಾರ್ಬೊನೇಟ್, ಸುಮ್ಮನೆ ಹೀರಿಕೊಂಡರೆ ಜಿಪ್ಸಮ್. ಈ ಪರೀಕ್ಷೆ ಬಿಟ್ಟವರ ಕಬ್ಬಿಣದ ಬಾಟಲಿ ತನ್ನಷ್ಟಕ್ಕೆ ಗಂಧಕದ ಬಾಟಲಿಯಾಗಿಬಿಡುತ್ತದೆ, ಎಲ್ಲಿ ತಪ್ಪಿತು ಎಂಬುದು ತಿಳಿಯುವುದೇ ಇಲ್ಲ.

ಗಂಧಕದ ಬಾಟಲಿಗೆ ಜಿಪ್ಸಮ್ 15 ಗ್ರಾಂ. ಶೇಂಗಾ ಹೊಲಕ್ಕೆ ಹಾಕುವ ಜಿಪ್ಸಮ್ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಅದೇ ಸಾಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಆಗುತ್ತದೆ, ಆದರೆ ಅದನ್ನು ಮೊದಲು ನೀರಿನಲ್ಲಿ ಕಲಸಿ ಗಟ್ಟಿಯಾದ ಮೇಲೆ ಕುಟ್ಟಿ ಹಾಕಿ. ಪುಡಿಯನ್ನೇ ನೇರ ಹಾಕಿದರೆ ರಾಡಿಯಲ್ಲೇ ಗಡ್ಡೆ ಕಟ್ಟುತ್ತದೆ. ಜಿಪ್ಸಮ್ ಲೀಟರ್ ನೀರಿಗೆ ಸುಮಾರು 2.4 ಗ್ರಾಂನಷ್ಟೇ ಕರಗುತ್ತದೆ. ಉಳಿದದ್ದು ಪುಡಿಯಾಗಿಯೇ ಇದ್ದು, ಬ್ಯಾಕ್ಟೀರಿಯಾ ತಿಂದಷ್ಟು ಮತ್ತೆ ಕರಗುತ್ತ ಹೋಗುತ್ತದೆ. ಹೀಗಾಗಿ ಜಾಸ್ತಿ ಹಾಕಿದರೂ ಸಲ್ಫೇಟ್ ಮಿತಿ ಮೀರುವುದಿಲ್ಲ.

ಕಬ್ಬಿಣದ ಬಾಟಲಿಗೆ ತುಕ್ಕು 10 ಗ್ರಾಂ. ಇದನ್ನು ಹೊಸದಾಗಿ ಮಾಡಿಕೊಳ್ಳಬೇಕು. ಗುಜರಿಯ ಹಳೆಯ ಗಟ್ಟಿ ತುಕ್ಕು ಹರಳುಗಟ್ಟಿರುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದು ಸುಲಭದಲ್ಲಿ ದಕ್ಕದು. ಸೆಂಟ್ರಿಂಗ್‌ನವರು ಕಂಬಿ ಕಟ್ಟುವ ಬೈಂಡಿಂಗ್ ತಂತಿ ಕಾಲು ಕೆಜಿ ತಂದು, ಅಗಲ ಪ್ಲಾಸ್ಟಿಕ್ ಬೋಗುಣಿಯಲ್ಲಿ ಅರ್ಧ ಮುಳುಗುವಷ್ಟು ಉಪ್ಪುನೀರಿನಲ್ಲಿ ಹತ್ತು ದಿನ ಇಡಿ, ದಿನಕ್ಕೊಮ್ಮೆ ಅಲುಗಿಸಿ. ತಳದಲ್ಲಿ ಕೂತ ಕಾವಿ ಗಸಿಯನ್ನು ಬಟ್ಟೆಯಲ್ಲಿ ಸೋಸಿ, ನಾಲ್ಕೈದು ಸಲ ಮಳೆನೀರಿನಲ್ಲಿ ತೊಳೆದು ಉಪ್ಪು ತೆಗೆದು, ನೆರಳಲ್ಲಿ ಒಣಗಿಸಿ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ತುಕ್ಕು ಹಿಡಿಯದ ಉಕ್ಕಿನದು, ತಿಂಗಳಿಟ್ಟರೂ ಏನೂ ಆಗದು.

ರಾಡಿ ತರುವುದು

ಉಣಕಲ್, ಕೆಲಗೇರಿ, ಸಾಧನಕೇರಿ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ, ಅಥವಾ ನಿಮ್ಮೂರಿನ ಯಾವ ಕೆರೆಯಾದರೂ ಸರಿ. ಗಟಾರದ ನೀರು ಬಂದು ಸೇರುವ ಬಾಯಿಯ ಹತ್ತಿರ ಮಾತ್ರ ತೆಗೆಯಬೇಡಿ. ರೋಗದ ಭಯ ಒಂದು. ಅಲ್ಲಿ ಕೊಳೆಯುವ ವಸ್ತು ಅತಿಯಾಗಿರುವುದರಿಂದ ಬಾಟಲಿ ಒಂದೇ ವಾರದಲ್ಲಿ ಪೂರ್ತಿ ಕಪ್ಪಾಗಿ ಪದರುಗಳೇ ಕಾಣವು, ಅದು ಇನ್ನೊಂದು. ಮಕ್ಕಳನ್ನು ನೀರಿಗಿಳಿಸಬೇಡಿ. ದಡದಲ್ಲೇ ನಿಂತು ಉದ್ದ ಹಿಡಿಯ ಸಲಿಕೆಯಿಂದ, ರಬ್ಬರ್ ಕೈಗವಸು ಹಾಕಿಕೊಂಡು, ನೀರು ಗೇಣುದ್ದ ಇರುವಲ್ಲಿ ಕೆದಕಿ. ಮೇಲಿನ ಕಂದು ಪೊರೆಯನ್ನು ಸರಿಸಿ, ಅದರ ಕೆಳಗಿನ ಬೂದು-ಕಪ್ಪು ರಾಡಿಯನ್ನು 3 ಲೀಟರ್ ತೆಗೆಯಿರಿ. ಎರಡು ಲೀಟರ್ ಕೆರೆನೀರನ್ನೂ ತನ್ನಿ.

ಮಣ್ಣಿನ ಜಾತಿ ಇಲ್ಲಿ ಬಹಳ ಮುಖ್ಯ. ಗದಗಿನ ಎರೆ ಸೀಮೆಯ ಕೆರೆಯ ರಾಡಿ ಹಿಟ್ಟಿನ ಕಣಕದಷ್ಟು ಬಿಗಿ. ನೀರು, ಅನಿಲ ಎರಡೂ ಓಡಾಡದೆ ನಡುವೆ ಸೀಳು ಬಿಡುತ್ತದೆ. ಅದಕ್ಕೆ ಮೂರನೇ ಒಂದು ಪಾಲು ತೊಳೆದ ಹೊಳೆಮರಳು ಬೆರೆಸಿ. ಮಸಾರಿ ಸೀಮೆಯ, ಧಾರವಾಡದ ಪಶ್ಚಿಮಕ್ಕಿರುವ ಕೆಂಪು ಮಣ್ಣಿನ ಕೆರೆಗಳ ರಾಡಿ ಸಡಿಲವಾಗಿರುತ್ತದೆ, ಆದರೆ ಅದರಲ್ಲಿ ಕಬ್ಬಿಣ ಮೊದಲೇ ಹೇರಳ. ಅಂಥ ರಾಡಿಯ ಗಂಧಕದ ಬಾಟಲಿ ವಾಸನೆ ಬಿಡಲು ಎರಡು ಮೂರು ವಾರ ಹೆಚ್ಚು ತೆಗೆದುಕೊಳ್ಳುತ್ತದೆ. ಹುಟ್ಟಿದ ಸಲ್ಫೈಡನ್ನೆಲ್ಲ ಮೊದಲು ಆ ಕಬ್ಬಿಣವೇ ಹಿಡಿದುಬಿಡುತ್ತದೆ.

ತಂದ ರಾಡಿಯನ್ನು ಹಿಟ್ಟಿನ ಸಾಣಿಗೆಯಲ್ಲಿ ಅಲ್ಲ, ಮರಳು ಸೋಸುವ ದೊಡ್ಡ ಕಣ್ಣಿನ ಜಾಳಿಗೆಯಲ್ಲಿ ಸೋಸಿ ಕಡ್ಡಿ, ಬಸವನಹುಳು, ಕೆಂಪು ಹುಳ ಆರಿಸಿ ಹಾಕಿ. ಹುಳುಗಳಿಗೆ ಈ ಪ್ರಯೋಗದಲ್ಲಿ ಜಾಗವಿಲ್ಲ. ರಾಡಿಯನ್ನು ತೋಡಿ ಮೇಲೆ ಕೆಳಗೆ ಮಾಡುವ ಪ್ರಾಣಿಗಳು ಭೂಮಿಗೆ ಬಂದದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಅದಕ್ಕೂ ಮೊದಲಿನ ಕಡಲತಳ ಕಲಕದೆ ಹಾಗೇ ಕೂಡುತ್ತಿತ್ತು. ಕಪ್ಪತಗುಡ್ಡದ ಕಲ್ಲಿನಲ್ಲಿ ಕೂದಲೆಳೆಯಂಥ ಪಟ್ಟೆಗಳೂ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ನೀರು ಸಾಲದಿದ್ದರೆ ಮಳೆನೀರು ಸೇರಿಸಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಅಗಲ ಪಾತ್ರೆಯಲ್ಲಿ ತೆರೆದಿಡಿ. ಸವಳು ಬೋರ್‌ವೆಲ್ಲಿನ ನೀರು ಕಬ್ಬಿಣದ ಬಾಟಲಿಗೆ ಬೇಡವೇ ಬೇಡ, ಅದರಲ್ಲಿ ಸಲ್ಫೇಟ್ ಇರುತ್ತದೆ.

ತುಂಬುವುದು

ಒಂದು ಬಾಟಲಿಗೆ 500 ಮಿಲಿಲೀಟರ್ ರಾಡಿ ಅಳೆದು ಬಕೆಟ್ಟಿಗೆ ಹಾಕಿ, ಕಾಗದ, ಹಿಟ್ಟು, ಸಿಪ್ಪೆಪುಡಿ, ಮೇಲೆ ತುಕ್ಕು ಅಥವಾ ಜಿಪ್ಸಮ್ ಸೇರಿಸಿ ಕಲಸಿ. ಇಡ್ಲಿ ಹಿಟ್ಟಿನ ಹದ ಬರಬೇಕು. ಗಟ್ಟಿಯಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಪುಡಿಗಳು ತಳಕ್ಕಿಳಿದು ಬೇರೆಯಾಗುತ್ತವೆ. ಇದು ಬಾಟಲಿಯಲ್ಲಿ 5-6 ಸೆಂಟಿಮೀಟರ್ ಏರುತ್ತದೆ. ಬಾಟಲಿಯ ತಳವನ್ನು ಮಡಚಿದ ಗೋಣಿಚೀಲದ ಮೇಲೆ ಹದಿನೈದಿಪ್ಪತ್ತು ಸಲ ಕುಟ್ಟಿ ಗುಳ್ಳೆ ಹೊರಹಾಕಿ. ಅದರ ಮೇಲೆ ಏನೂ ಬೆರೆಸದ ರಾಡಿ 9 ಸೆಂಟಿಮೀಟರ್, ಮತ್ತೆ ಕುಟ್ಟಿ. ಕೊನೆಗೆ ಕೆರೆನೀರನ್ನು ಚಮಚದ ಬೆನ್ನಿನ ಮೇಲೆ ಮೆಲ್ಲಗೆ ಹರಿಸಿ 4 ಸೆಂಟಿಮೀಟರ್ ನಿಲ್ಲಿಸಿ. ಮೇಲೆ 3 ಸೆಂಟಿಮೀಟರ್ ಖಾಲಿ ಇರಲಿ.

ತುಂಬುವಾಗಲೇ ಎರಡು ವಸ್ತು ಒಳಗೆ ನಿಲ್ಲಿಸಬೇಕು. ಒಂದು, ಮೀನಿನ ತೊಟ್ಟಿಗೆ ಗಾಳಿ ಬಿಡುವ ತೆಳು ಪೈಪಿನ ತುಂಡು. ಕೆಳತುದಿಗೆ ಬಟ್ಟೆ ಕಟ್ಟಿ ತಳದ ಪದರಿನ ನಡುವೆ ಇರಿಸಿ, ಮೇಲ್ತುದಿಯನ್ನು ಹೊರಗೆ ಮಡಚಿ ಕ್ಲಿಪ್ ಹಾಕಿ. ಇನ್ನೊಂದು, ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿದ ಬೈಂಡಿಂಗ್ ತಂತಿ, ಮೇಲಿಂದ ತಳದವರೆಗೆ ನೆಟ್ಟಗೆ, ಗೋಡೆಗೆ ಅಂಟಿದಂತೆ. ಎಲ್ಲಿ ಆಮ್ಲಜನಕ ಮುಗಿಯುತ್ತದೆ ಎಂಬುದನ್ನು ಈ ತಂತಿ ಬರೆದು ತೋರಿಸುತ್ತದೆ: ಮೇಲೆ ಕಾವಿ ತುಕ್ಕು, ಕೆಳಗೆ ಬೂದು ಇಲ್ಲವೆ ಕಪ್ಪು. ಅವೆರಡರ ನಡುವಿನ ಗೆರೆಯನ್ನು ವಾರಕ್ಕೊಮ್ಮೆ ಬಾಟಲಿಯ ಹೊರಗೆ ಪೆನ್ನಿನಿಂದ ಗುರುತು ಮಾಡಿ.

ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಕಟ್ಟಿ ರಬ್ಬರ್ ಹಾಕಿ, ಸೂಜಿಯಿಂದ ಒಂದೇ ಒಂದು ತೂತು ಮಾಡಿ. ತೂತಿಲ್ಲದಿದ್ದರೆ ಮೊದಲ ವಾರದ ಅನಿಲಕ್ಕೆ ಹಾಳೆ ಉಬ್ಬಿ ಹಾರುತ್ತದೆ. ತೆರೆದಿಟ್ಟರೆ ನೀರು ಆರುವುದಷ್ಟೇ ಅಲ್ಲ, ಸೊಳ್ಳೆ ಮೊಟ್ಟೆಯಿಡುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಇಷ್ಟು ನೀರು ಸಾಕು, ಈ ವಿಷಯದಲ್ಲಿ ಸಡಿಲ ಬಿಡಬೇಡಿ.

ಬೆಳಕು

ಎಡವಟ್ಟುಗಳಲ್ಲಿ ಅರ್ಧಕ್ಕರ್ಧ ಬೆಳಕಿನದೇ. ಉತ್ತರದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು, ಬೆಳಗಿನ ಬಿಸಿಲಿನ ಪೂರ್ವದ ಕಿಟಕಿಯೂ ಸರಿ. ಪಶ್ಚಿಮದ ಕಿಟಕಿಯಲ್ಲಿಟ್ಟರೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಬಾಟಲಿ ಕುದಿದಂತಾಗಿ ಬಣ್ಣದ ಜೀವಿಗಳು ಸಾಯುತ್ತವೆ. 22ರಿಂದ 30 ಡಿಗ್ರಿ ಹದ. ಮಳೆಗಾಲ ಮುಗಿದ ಅಕ್ಟೋಬರಿನಲ್ಲಿ ಶುರು ಮಾಡಿದರೆ ಫೆಬ್ರುವರಿಯೊಳಗೆ ಎಲ್ಲ ನೋಡಿ ಮುಗಿಸಬಹುದು. ಆಷಾಢ-ಶ್ರಾವಣದ ಮೋಡದಲ್ಲಿ ಧಾರವಾಡದ ಬಾಟಲಿಗಳು ಇದ್ದಲ್ಲೇ ನಿಂತುಬಿಡುತ್ತವೆ.

ಕಿಟಕಿ ಇಲ್ಲದ ಕೋಣೆಯಲ್ಲಿ ಎಲ್‌ಇಡಿ ಬಲ್ಬು ಹಾಕಿದವರಿಗೆ ಹಸಿರು ಬರುತ್ತದೆ, ನೇರಳೆ ಬರುವುದೇ ಕಷ್ಟ. ನೇರಳೆ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಹೀರುವುದು ನಮ್ಮ ಕಣ್ಣಿಗೆ ಕಾಣದ, 800ರಿಂದ 900 ನ್ಯಾನೋಮೀಟರ್ ಅಲೆಯ ಅವಗೆಂಪು ಬೆಳಕನ್ನು. ಮನೆಯ ಎಲ್‌ಇಡಿಯಲ್ಲಿ ಅದು ಇರುವುದಿಲ್ಲ. ಹಳೆಯ ತಂತಿಯ ಬಲ್ಬಿನಲ್ಲಿ ಧಾರಾಳ. 40 ವ್ಯಾಟಿನದನ್ನು ಒಂದು ಅಡಿ ದೂರದಲ್ಲಿಟ್ಟು ದಿನಕ್ಕೆ 10-12 ತಾಸು ಉರಿಸಿ. ಕಡಲಿನಲ್ಲಿಯೂ ಬೆಳಕಿನ ಪಾಲು ಹೀಗೇ ಆಗುತ್ತದೆ: ಮೇಲಿನ ನೀರಿನ ಜೀವಿ ತನಗೆ ಬೇಕಾದ ಬಣ್ಣ ತೆಗೆದುಕೊಂಡು ಬಿಟ್ಟದ್ದನ್ನು ಕೆಳಗಿನದು ಹಿಡಿಯುತ್ತದೆ.

ಏನು, ಯಾವಾಗ ಕಾಣುತ್ತದೆ

ಮೊದಲ ವಾರ ಎರಡೂ ಬಾಟಲಿ ಕದಡಿ, ಗುಳ್ಳೆ ಎದ್ದು, ಹುಳಿ ವಾಸನೆ ಬರುತ್ತದೆ. ಹಿಟ್ಟು ಹುದುಗುತ್ತಿದೆ, ಆಮ್ಲಜನಕ ಖರ್ಚಾಗುತ್ತಿದೆ. ರಾಡಿಯಲ್ಲಿ ಸೀಳು ಬಿಟ್ಟರೆ ಮತ್ತೆ ಗೋಣಿಯ ಮೇಲೆ ಕುಟ್ಟಿ ಕೂಡಿಸಿ.

ಎರಡನೆಯ ವಾರದಿಂದ ದಾರಿ ಬೇರೆ. ಗಂಧಕದ ಬಾಟಲಿಯ ತಳದಲ್ಲಿ, ಕಾಗದದ ಚೂರುಗಳ ಸುತ್ತ, ಎಳ್ಳಿನ ಕಾಳಿನಷ್ಟು ಕಪ್ಪು ಚುಕ್ಕೆಗಳು ಹುಟ್ಟುತ್ತವೆ. ಅವು ಕಬ್ಬಿಣದ ಸಲ್ಫೈಡ್. ನಾಲ್ಕು ವಾರಕ್ಕೆ ಚುಕ್ಕೆಗಳು ಕೂಡಿ ಇಡೀ ತಳ ಕಪ್ಪಾಗುತ್ತದೆ. ಕಬ್ಬಿಣದ ಬಾಟಲಿಯ ತಳ ಹಾಗಲ್ಲ. ಕಾವಿ ಬಣ್ಣ ದಿನದಿಂದ ದಿನಕ್ಕೆ ಮಾಸಿ ಹಸಿರು ಛಾಯೆಯ ಬೂದು ಬಣ್ಣಕ್ಕೆ ಇಳಿಯುತ್ತದೆ. ಕಬ್ಬಿಣವನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಫೆರಿಕ್ ತುಕ್ಕನ್ನು ಕರಗುವ ಫೆರಸ್ ಮಾಡಿವೆ ಎಂದರ್ಥ. ಅಲ್ಲಲ್ಲಿ ಕಪ್ಪು ಕಂಡರೆ ಗಾಬರಿಯಾಗಬೇಡಿ, ರಾಡಿಯಲ್ಲಿ ಮೊದಲೇ ಇದ್ದ ಅಷ್ಟಿಷ್ಟು ಗಂಧಕದ ಕೆಲಸ ಅದು.

ಐದರಿಂದ ಎಂಟನೆಯ ವಾರದೊಳಗೆ ಬಣ್ಣ. ಎರಡರಲ್ಲೂ ಮೇಲಿನ ನೀರು ಹಸಿರು. ಗಂಧಕದ ಬಾಟಲಿಯ ಬೆಳಕಿನ ಮಗ್ಗುಲಲ್ಲಿ, ಕಪ್ಪಿನ ಮೇಲಂಚಿಗೆ, ನೇರಳೆ ಅಥವಾ ದ್ರಾಕ್ಷಾರಸದ ಬಣ್ಣದ ಮಚ್ಚೆಗಳು. ಅದೃಷ್ಟವಿದ್ದರೆ ಅವುಗಳ ಕೆಳಗೆ ಎಣ್ಣೆಹಸಿರಿನ ಪಟ್ಟಿ, ಹಸಿರು ಗಂಧಕ ಬ್ಯಾಕ್ಟೀರಿಯಾ. ಇವು ನೀರನ್ನು ಒಡೆಯುವುದಿಲ್ಲ, ಸಲ್ಫೈಡನ್ನು ಒಡೆಯುತ್ತವೆ. ಕಬ್ಬಿಣದ ಬಾಟಲಿಯಲ್ಲಿ ನೋಡಬೇಕಾದದ್ದು ರಾಡಿ ಮತ್ತು ನೀರು ಕೂಡುವ ಗೆರೆ: ಅಲ್ಲಿ ಅರಿಸಿನ-ಕಾವಿ ಬಣ್ಣದ, ಹಾಲಿನ ಕೆನೆಯಷ್ಟು ದಪ್ಪದ ಪೊರೆ. ಕೆಳಗಿನಿಂದ ಏರಿ ಬಂದ ಫೆರಸ್ ಮೇಲಿನ ಆಮ್ಲಜನಕವನ್ನು ಎದುರಾಗುವ ಜಾಗ ಅದು. ಇದೇ ಬಾಟಲಿಯ ಗೋಡೆಯಲ್ಲೂ ಗುಲಾಬಿ-ಕೆಂಪು ಮಚ್ಚೆ ಬರುವುದುಂಟು. ಗಂಧಕ ಬೇಡದ ನೇರಳೆ ಬ್ಯಾಕ್ಟೀರಿಯಾಗಳೂ ಇವೆ. ಬಣ್ಣ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ನೀರಿನ ಮೇಲೆ ಕಾಮನಬಿಲ್ಲಿನಂಥ ಪೊರೆ ತೇಲಿದರೆ ಕಡ್ಡಿಯಿಂದ ಚುಚ್ಚಿ. ಎಣ್ಣೆಯಾದರೆ ಸರಿದು ಮತ್ತೆ ಕೂಡುತ್ತದೆ. ಕಬ್ಬಿಣದ ಪೊರೆ ಹಪ್ಪಳದಂತೆ ಚೂರು ಚೂರಾಗಿ ಒಡೆಯುತ್ತದೆ. ಹಳ್ಳದ ಬದಿಯ ಬಸಿನೀರಿನಲ್ಲೂ ಇದನ್ನು ನೋಡಬಹುದು.

ಮೂರು ಪರೀಕ್ಷೆ

ಎಂಟನೆಯ ವಾರಕ್ಕೆ ಕಬ್ಬಿಣದ ಬಾಟಲಿಯ ಪೈಪಿಗೆ 10 ಮಿಲಿಲೀಟರ್ ಸಿರಿಂಜ್ ಸಿಕ್ಕಿಸಿ ಬಹಳ ನಿಧಾನ ಎಳೆಯಿರಿ. ಮೊದಲ 2 ಮಿಲಿಲೀಟರ್ ಚೆಲ್ಲಿ, ಅದು ಪೈಪಿನಲ್ಲಿ ಗಾಳಿ ಕಂಡ ನೀರು. ಮುಂದಿನ ನೀರನ್ನು ಅರ್ಧ ಬಿಳಿ ಬಸಿಗೆ ಹಾಕಿ, ಅರ್ಧವನ್ನು ಔಷಧದ ಸಣ್ಣ ಸೀಸೆಗೆ ಗಾಳಿ ಉಳಿಯದಂತೆ ಬಾಯಿಮಟ ತುಂಬಿ ಬಿರಡೆ ಹಾಕಿ. ಬಸಿಯ ನೀರು ಮೊದಲು ತಿಳಿ, ಆಮೇಲೆ ಗಂಜಿಯಂತೆ ಮಬ್ಬು, ಕೆಲವು ತಾಸಿನಲ್ಲಿ ಕಾವಿಗಸಿ. ಸೀಸೆಯದು ತಿಳಿಯಾಗಿಯೇ ಇರುತ್ತದೆ. ಬಸಿಯೂ ಬಣ್ಣ ಬದಲಿಸದಿದ್ದರೆ ನೀರು ಹುಳಿಯಾಗಿದೆ. ಪಿಎಚ್ (ಹುಳಿ-ಕ್ಷಾರದ ಅಳತೆ, ಹುಳಿ ಹೆಚ್ಚಿದಷ್ಟು ಕಡಿಮೆ) ಒಂದು ಅಂಶ ಇಳಿದರೆ ಈ ಕ್ರಿಯೆ ಸುಮಾರು ನೂರು ಪಟ್ಟು ನಿಧಾನ. ಚಿಟಿಕೆ ಅಡುಗೆ ಸೋಡಾ ಹಾಕಿ, ಕಣ್ಣೆದುರೇ ಕೆಂಪಾಗುತ್ತದೆ. ಕಬ್ಬಿಣವೇ ಹೌದೋ ಎಂದು ಖಾತ್ರಿಗೆ, ಆ ಗಸಿಗೆ ಅಳಲೆಕಾಯಿ ಕಷಾಯ ನಾಲ್ಕು ಹನಿ: ಹಳೆಯ ಕಾಲದ ಶಾಯಿಯಂತೆ ಕಪ್ಪಾಗುತ್ತದೆ. ಹಾಲು ಹಾಕದ ಚಹಾ ಡಿಕಾಕ್ಷನ್ನೂ ನಡೆಯುತ್ತದೆ.

ಗಂಧಕದ ಬಾಟಲಿಯ ಪೈಪಿನಿಂದ ತೆಗೆದ ನೀರಿಗೆ ಉಜ್ಜಿ ಹೊಳೆಯಿಸಿದ ತಾಮ್ರದ ತಂತಿ ಅದ್ದಿ ಮುಚ್ಚಿಡಿ. ಸಲ್ಫೈಡ್ ಇದ್ದರೆ ಒಂದು ದಿನದೊಳಗೆ ಕಂದು, ನಂತರ ಕಪ್ಪು. ಕಬ್ಬಿಣದ ಬಾಟಲಿಯ ನೀರಿನಲ್ಲಿ ತಾಮ್ರ ಹಾಗೆ ಕಪ್ಪಾಗುವುದಿಲ್ಲ. ಈ ಕೆಲಸ ಅಂಗಳದಲ್ಲಿ ಮಾಡಿ, ಬಾಟಲಿಗೆ ಮೂಗಿಟ್ಟು ಮೂಸಬೇಡಿ. ಕಪ್ಪು ರಾಡಿಗೆ ನಿಂಬೆರಸ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಯಾವುದನ್ನೂ ಸುರಿಯಬೇಡಿ. ಹುಳಿ ತಾಗಿದ ಕ್ಷಣ ಕಬ್ಬಿಣದ ಸಲ್ಫೈಡ್ ಒಡೆದು ವಿಷಾನಿಲ ಒಮ್ಮೆಲೇ ಬರುತ್ತದೆ. ಈ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆ ತಿಳಿಯುವುದೇ ನಿಂತುಹೋಗುತ್ತದೆ, ಅಪಾಯ ಇರುವುದು ಅಲ್ಲೇ.

ಮೂರನೆಯ ಪರೀಕ್ಷೆಗೆ ಇನ್ನೆರಡು ಬಾಟಲಿ ಬೇಕು, ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಇದೇ. ಎರಡಕ್ಕೂ 15 ಗ್ರಾಂ ಜಿಪ್ಸಮ್. ಒಂದಕ್ಕೆ 3 ಗ್ರಾಂ ತುಕ್ಕು, ಇನ್ನೊಂದಕ್ಕೆ 15 ಗ್ರಾಂ. ಲೆಕ್ಕ ಹೀಗೆ: 15 ಗ್ರಾಂ ಜಿಪ್ಸಮ್‌ನಲ್ಲಿ ಗಂಧಕ ಸುಮಾರು 2.8 ಗ್ರಾಂ. ಅಷ್ಟೂ ಸಲ್ಫೈಡ್ ಆದರೆ ಅದು ಹಿಡಿಯಬಲ್ಲ ಕಬ್ಬಿಣ ಸುಮಾರು 4.9 ಗ್ರಾಂ. ಒಳ್ಳೆಯ ತುಕ್ಕಿನಲ್ಲಿ ಕಬ್ಬಿಣ ನೂರಕ್ಕೆ 60ರ ಮೇಲೆ. 15 ಗ್ರಾಂ ತುಕ್ಕಿನಲ್ಲಿ 9 ಗ್ರಾಂ ದಾಟುತ್ತದೆ, 3 ಗ್ರಾಂನಲ್ಲಿ 2 ಗ್ರಾಂಗೂ ಕಡಿಮೆ. ತುಕ್ಕು ಹೆಚ್ಚಿದ್ದ ಬಾಟಲಿ ಕಪ್ಪಾದರೂ ವಾಸನೆ ಬಾರದು, ತಾಮ್ರ ಕಪ್ಪಾಗದು, ನೇರಳೆಗೆ ಊಟವಿಲ್ಲ. ತುಕ್ಕು ಕಡಿಮೆಯಿದ್ದದ್ದು ಕೊನೆಗೆ ನಾರುತ್ತದೆ. ಎರಡರಲ್ಲೂ ಸೂಕ್ಷ್ಮಜೀವಿಗಳು ಅವೇ. ಕಬ್ಬಿಣ ಬರುವ ವೇಗ ಹೆಚ್ಚೋ, ಸಲ್ಫೈಡ್ ಹುಟ್ಟುವ ವೇಗ ಹೆಚ್ಚೋ ಎಂಬುದರ ಮೇಲೆ ಕಡಲು ಯಾವ ಕಡೆ ವಾಲುತ್ತದೆ ಎಂಬುದು ನಿಂತಿತ್ತು. ಖಂಡದ ಅಂಚಿನಲ್ಲಿ ಸಲ್ಫೈಡ್ ಗೆದ್ದು, ಆಳದಲ್ಲಿ ಬುಗ್ಗೆಗಳ ಕಬ್ಬಿಣ ಗೆದ್ದದ್ದು ಹೀಗೆ. ರಾಡಿಯ ಸ್ವಂತ ಕಬ್ಬಿಣವೂ ಲೆಕ್ಕಕ್ಕೆ ಸೇರುವುದರಿಂದ ಇಲ್ಲಿ ಮಸಾರಿ ರಾಡಿಗಿಂತ ಮರಳು ಬೆರೆಸಿದ ರಾಡಿ ವಾಸಿ. ಮೂರ್ನಾಲ್ಕು ತಿಂಗಳ ತಾಳ್ಮೆಯೂ ಬೇಕು.

ಕೆಟ್ಟರೆ

ಪೂರ್ತಿ ಕಪ್ಪಾದರೆ ಊಟ ಹೆಚ್ಚಾಗಿದೆ. ರಿಪೇರಿ ಇಲ್ಲ, ಕಾಗದ-ಹಿಟ್ಟು ಅರ್ಧಕ್ಕಿಳಿಸಿ ಹೊಸದು ಮಾಡಿ. ಎಂಟು ವಾರವಾದರೂ ಬಣ್ಣವಿಲ್ಲವೆಂದರೆ ಬೆಳಕು ಸಾಲದು, ಇಲ್ಲವೆ ಬಾಟಲಿಯನ್ನು ಆಗಾಗ ತಿರುಗಿಸುತ್ತಿದ್ದೀರಿ. ಒಂದೇ ಮಗ್ಗುಲು ಬೆಳಕಿಗಿರಬೇಕು. ಮೇಲೆ ಬೂಷ್ಟು ಬಂದರೆ ಕಾಗದ ನೀರಿನ ಮೇಲೆ ಎದ್ದಿದೆ, ಚಿಮುಟದಿಂದ ತೆಗೆಯಿರಿ. ನೀರು ಇಳಿದಷ್ಟು ಮಳೆನೀರು ಹಾಕುತ್ತಿರಿ. ಒಂದು ಬಾಟಲಿಯನ್ನು ಅಲ್ಯೂಮಿನಿಯಂ ಹಾಳೆಯಿಂದ ಸುತ್ತಿ ಕತ್ತಲಲ್ಲಿಟ್ಟರೆ ಕಪ್ಪು ಬರುತ್ತದೆ, ನೇರಳೆ-ಹಸಿರು ಬರುವುದಿಲ್ಲ. ಹೋಲಿಕೆಗೆ ಇದು ಬಹಳ ಉಪಯೋಗ.

ಕಲ್ಲಿನಲ್ಲಿ ಗುರುತಿಸುವುದು

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಕಲ್ಲು ತರುವಂತಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಹೋಗಿ ಕಣ್ಣಲ್ಲಿ ನೋಡಿ ಬನ್ನಿ. ಕೈಯಲ್ಲಿ ಹಿಡಿದು ನೋಡುವ ಮಾದರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಕೇಳಿ. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಕಲ್ಲಿನ ಮುಂದೆ ಇಳಿಬಿಟ್ಟರೆ ಮ್ಯಾಗ್ನೆಟೈಟ್ ಇರುವ ಕಪ್ಪು ಪಟ್ಟೆಗೆ ವಾಲುತ್ತದೆ, ಬಿಳಿ-ಬೂದು ಸಿಲಿಕಾ ಪಟ್ಟೆಗೆ ವಾಲುವುದಿಲ್ಲ. ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿದಾಗ ಕೆಂಗಂದು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನೆಟೈಟ್. ಸಿಲಿಕಾ ಇಷ್ಟೊಂದು ಕೂತದ್ದಕ್ಕೂ ಜೀವವೇ ಕಾರಣ, ಆದರೆ ಇಲ್ಲದಿದ್ದ ಜೀವ. ನೀರಿನ ಸಿಲಿಕಾ ಬಳಸಿ ಚಿಪ್ಪು ಕಟ್ಟುವ ಡಯಾಟಮ್‌ನಂಥವು ಆಗಿನ್ನೂ ಹುಟ್ಟಿರಲಿಲ್ಲ, ಹಾಗಾಗಿ ಕಡಲಿನಲ್ಲಿ ಸಿಲಿಕಾ ತುಂಬಿತ್ತು. ಧಾರವಾಡದ ದಿಬ್ಬಗಳ ಜಂಬಿಟ್ಟಿಗೆಯನ್ನು ಇದೇ ಕಲ್ಲೆಂದು ತಿಳಿಯಬೇಡಿ. ಅದು ತೂತು ತೂತು, ಪಟ್ಟೆಯಿಲ್ಲ, ಬಹಳ ಈಚಿನದು, ಮಳೆ-ಬಿಸಿಲಿಗೆ ಕಲ್ಲು ಸವೆದು ಆದದ್ದು.

ಬಾಟಲಿ ಖಾಲಿ ಮಾಡುವ ದಿನ

ಗಂಧಕದ ಬಾಟಲಿಯನ್ನು ಬಚ್ಚಲಿಗೆ ಸುರಿಯಬೇಡಿ. ಅಂಗಳದಲ್ಲಿ ಹಳೆಯ ತಾಟಿನಲ್ಲಿ ಕಪ್ಪು ರಾಡಿಯನ್ನು ಬೆರಳಿನಷ್ಟು ದಪ್ಪ ಹರಡಿ, ಬೆಳಗ್ಗೆಯೇ. ಸಂಜೆಯ ಹೊತ್ತಿಗೆ ಮೇಲ್ಮೈ ಕಂದಾಗಿರುತ್ತದೆ. ಉಗುರಿನಿಂದ ಕೆರೆದರೆ ಕೆಳಗೆ ಇನ್ನೂ ಕಪ್ಪು. ಗಾಳಿಯ ಆಮ್ಲಜನಕ ಸಲ್ಫೈಡನ್ನು ಒಡೆದು ಕಬ್ಬಿಣವನ್ನು ತುಕ್ಕಾಗಿಸುತ್ತ, ಗಂಧಕವನ್ನು ಹಂತ ಹಂತವಾಗಿ ಮತ್ತೆ ಸಲ್ಫೇಟ್ ಕಡೆಗೆ ಒಯ್ಯುತ್ತಿದೆ. 240 ಕೋಟಿ ವರ್ಷದ ಹಿಂದೆ ನೆಲದ ಕಲ್ಲುಗಳಿಗೆ ಆದದ್ದು, ಹೊಳೆಗಳು ಕಡಲಿಗೆ ಹೊತ್ತದ್ದು ಇದನ್ನೇ. ಎರಡು ದಿನ ತಿರುವಿ ಹಾಕಿ ವಾಸನೆ ಪೂರ್ತಿ ಹೋದ ಮೇಲೆ ಹೂಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ, ಕೈಯನ್ನು ಸೋಪಿನಿಂದ ತೊಳೆಯಿರಿ.